ಅಪ್ಪಣೆ ಕೊಡುವವರು ಯಾರು?

ನರಮಂಡಲದ ಪಾಠವನ್ನು ನಾನು ಹೇಗೆ ಮಾಡುತ್ತಿದ್ದೆನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಕರಿಹಲಗೆಯ ಮೇಲೆ ಒಂದು ಕಿರೀಟವನ್ನು ಬರೆದು ಅದರ ಕೆಳಗೆ ‘ಮೆದುಳು’ ಎಂದು ಗುರುತಿಸುತ್ತಿದ್ದೆ. ಮೆದುಳು ಅರಸ, ನರಗಳು ಓಲೆಕಾರರು, ಸ್ನಾಯುಗಳು ಆಳುಗಳು. ಅರಸನು ಅಪ್ಪಣೆ ಕೊಡುತ್ತಾನೆ, ಓಲೆಕಾರ ಅದನ್ನು ಒಯ್ಯುತ್ತಾನೆ, ಆಳು ಕೆಲಸ ಮಾಡುತ್ತಾನೆ. ಪರೀಕ್ಷೆಯಲ್ಲಿ ಅಂಕ ಗಳಿಸಲು ಅಷ್ಟು ಸಾಕಾಗಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅರಸನಿಗೆ ಯಾರು ಅಪ್ಪಣೆ ಕೊಡ್ತಾರೆ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, “ಅರಸಿ ಕೊಡುತ್ತಾಳೆ, ಕುಳಿತುಕೋ” ಎಂದೆ. ಅವನು ಕುಳಿತ, ಪಾಠ ಮುಂದುವರಿಯಿತು.

ನಿವೃತ್ತನಾದ ಮೇಲೆ ಓದಲು ಬಿಡುವು ದೊರೆತಾಗ ಒಂದು ಸಂಗತಿ ತಿಳಿಯಿತು. ಆ ಹುಡುಗ ಕೇಳಿದ ಪ್ರಶ್ನೆಯನ್ನೇ ಹಿಡಿದು, ಹತ್ತು ಕಾಲಿನ ಒಂದು ಜಲಚರದ ಬೆನ್ನು ಹತ್ತಿ, ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ದುಡಿದಿದ್ದಾರೆ. ಅಂದು ನಾನು ನಕ್ಕು ತಳ್ಳಿಹಾಕಿದ ಪ್ರಶ್ನೆಗೆ ಈಗಲಾದರೂ ಆ ಚರಿತ್ರೆಯನ್ನು ಹೇಳುವುದು ನ್ಯಾಯವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಆ ಪ್ರಾಣಿಯ ಹೆಸರು ಕ್ರೇಫಿಷ್. ಹೆಸರಿನಲ್ಲಿ ‘ಫಿಷ್’ ಇದ್ದರೂ ಅದು ಮೀನಲ್ಲ. ನಮ್ಮ ಗದ್ದೆಯ ಬದುವಿನ ಏಡಿಗೂ ಹೊಳೆಯ ಸೀಗಡಿಗೂ ದಾಯಾದಿ. ಸಿಹಿನೀರಿನಲ್ಲಿ ವಾಸ. ಮೈಮೇಲೆ ಗಟ್ಟಿ ಕವಚ, ಮುಂದೆ ಇಕ್ಕಳದಂತಹ ಎರಡು ಕಾಲು, ಅದರ ಹಿಂದೆ ನಡೆಯಲು ನಾಲ್ಕು ಜೊತೆ ಕಾಲು, ಕೊನೆಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಾಲ. ಯುರೋಪಿನಲ್ಲಿ, ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ ಇದು ಹೇರಳವಾಗಿದೆ. ಭಾರತದ ಹೊಳೆಕೆರೆಗಳಿಗೆ ಮಾತ್ರ ಇದು ಸಹಜವಾಸಿಯಲ್ಲ. ಆದ್ದರಿಂದ ನಿಮ್ಮಲ್ಲಿ ವಿದೇಶದಲ್ಲಿರುವವರನ್ನು ಬಿಟ್ಟರೆ ಉಳಿದವರು ಇದನ್ನು ನೋಡಿರಲಾರಿರಿ. ಸೀಗಡಿಯನ್ನು ಬೆರಳುದ್ದದಿಂದ ಗೇಣುದ್ದಕ್ಕೆ ಹಿಗ್ಗಿಸಿ, ಏಡಿಯ ಇಕ್ಕಳವನ್ನು ಅದಕ್ಕೆ ಜೋಡಿಸಿಕೊಂಡರೆ ಸರಿಸುಮಾರು ಚಿತ್ರ ಸಿಕ್ಕೀತು.

ವಿದ್ವಾಂಸರ ಕಣ್ಣು ಇದರ ಮೇಲೆ ಬಿದ್ದದ್ದು ಬಹಳ ಹಿಂದೆ. ಡಾರ್ವಿನ್ನರ ಪರಮಮಿತ್ರ ಥಾಮಸ್ ಹೆನ್ರಿ ಹಕ್ಸ್‌ಲಿಯವರು 1880ರಲ್ಲಿ ಪ್ರಾಣಿಶಾಸ್ತ್ರಕ್ಕೆ ಒಂದು ಪ್ರವೇಶಿಕೆಯನ್ನು ಬರೆದಾಗ ಇಡೀ ಗ್ರಂಥವನ್ನು ಈ ಒಂದೇ ಪ್ರಾಣಿಗೆ ಮೀಸಲಿಟ್ಟರು. ಇನ್ನೊಂದು ಸಂಗತಿ ಹೇಳಿದರೆ ನೀವು ನಂಬುವುದು ಕಷ್ಟ. 1882ರಲ್ಲಿ ವಿಯೆನ್ನಾದ ಶರೀರಕ್ರಿಯಾಶಾಸ್ತ್ರ ಸಂಸ್ಥೆಯಿಂದ ಕ್ರೇಫಿಷ್‌ನ ನರತಂತು ಹಾಗೂ ನರಕೋಶಗಳ ರಚನೆಯ ಬಗ್ಗೆ ಒಂದು ಪ್ರಬಂಧ ಹೊರಬಂತು. ಜೀವಂತ ನರಕೋಶವನ್ನು ಸೂಕ್ಷ್ಮದರ್ಶಕದಡಿ ನೋಡುತ್ತ, ನರತಂತುವಿನೊಳಗೆ ಇನ್ನೂ ಸೂಕ್ಷ್ಮವಾದ ಎಳೆಗಳಿವೆಯೆಂದು ಕಂಡ ಆ ತರುಣನ ಹೆಸರು ಸಿಗ್ಮಂಡ್ ಫ್ರಾಯ್ಡ್. ಹೌದು, ಮುಂದೆ ಕನಸುಗಳಿಗೆ ಅರ್ಥ ಹೇಳಿದ ಅದೇ ಫ್ರಾಯ್ಡ್. ಸಂಶೋಧನೆಯಿಂದ ಸಂಸಾರ ಸಾಗದೆಂದು ಅದೇ ವರ್ಷ ಅವರು ಆಸ್ಪತ್ರೆಯ ಕೆಲಸಕ್ಕೆ ಸೇರಿದರು; ಕ್ರೇಫಿಷ್ ಹಿಂದೆ ಉಳಿಯಿತು.

ನಡಿಗೆಗಿಂತ ಮೊದಲು ನಿಲುವು. ಮಗುವೂ ಮೊದಲು ನಿಲ್ಲಲು ಕಲಿತು ಆಮೇಲೆ ಹೆಜ್ಜೆ ಇಡುತ್ತದೆಯಲ್ಲವೇ? ನೀರಿನಲ್ಲಿರುವ ಪ್ರಾಣಿಗೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದು ಹೇಗೆ? ಕ್ರೇಫಿಷ್ ಮತ್ತು ಸೀಗಡಿಗಳ ಚಿಕ್ಕ ಕುಡಿಮೀಸೆಗಳ ಬುಡದಲ್ಲಿ ಒಂದೊಂದು ಪುಟ್ಟ ಚೀಲವಿದೆ. ಅದರೊಳಗೆ ನವಿರಾದ ರೋಮಗಳು, ರೋಮಗಳ ಮೇಲೆ ಮರಳಿನ ಕಣಗಳು. ಬಹುಕಾಲ ಇದನ್ನು ಕಿವಿಯೆಂದೇ ಭಾವಿಸಿದ್ದರು. ಈ ಚೀಲದ ಒಳಪದರವೂ ಕವಚದ ಭಾಗವೇ ಆದುದರಿಂದ, ಪ್ರಾಣಿ ಕವಚ ಕಳಚಿದಾಗಲೆಲ್ಲ ಮರಳೂ ಹೋಗಿಬಿಡುತ್ತದೆ; ಅದು ಹೊಸ ಮರಳನ್ನು ತುಂಬಿಕೊಳ್ಳಬೇಕು. 1893ರಲ್ಲಿ ವಿಯೆನ್ನಾದ ಅಲೋಯಿಸ್ ಕ್ರೈಡಲ್ ಎಂಬವರು ಈ ಸಂದರ್ಭಕ್ಕೇ ಕಾದಿದ್ದು, ಕವಚ ಕಳಚಿದ ಸೀಗಡಿಗಳಿಗೆ ಮರಳಿನ ಬದಲು ಕಬ್ಬಿಣದ ಪುಡಿಯನ್ನು ಒದಗಿಸಿದರು. ಪಾಪ, ಅವು ಅದನ್ನೇ ತುಂಬಿಕೊಂಡವು. ಆಮೇಲೆ ಕ್ರೈಡಲ್ ಒಂದು ಅಯಸ್ಕಾಂತವನ್ನು ಹತ್ತಿರ ತಂದರು. ಭೂಮಿ ಕೆಳಗಿದೆ, ಕಣ್ಣಿಗೂ ಕಾಣುತ್ತಿದೆ. ಆದರೂ ಸೀಗಡಿ ಅಯಸ್ಕಾಂತದ ಸೆಳೆತಕ್ಕೆ ತಕ್ಕಂತೆ ಮೈಯನ್ನು ವಾಲಿಸಿತು. ಆ ಚೀಲ ಕಿವಿಯಲ್ಲ, ತೂಗುಗುಂಡು ಎಂಬುದು ಸಿದ್ಧವಾಯಿತು. ಗಾರೆಯವನು ದಾರಕ್ಕೆ ಗುಂಡು ಕಟ್ಟಿ ಗೋಡೆಯ ನೇರ ನೋಡುವುದಿಲ್ಲವೇ, ಹಾಗೆ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಇರುವ ಸಾಮಗ್ರಿಯಲ್ಲೇ ಮಾಡಬಹುದಾಗಿದ್ದ ಇಂತಹ ಪ್ರಯೋಗದ ಬಗ್ಗೆ ನಾನು ಅಧ್ಯಾಪಕನಾಗಿದ್ದಾಗ ಓದಿರಲಿಲ್ಲವಲ್ಲ ಎಂಬುದು ನನಗೆ ಈಗಲೂ ಕೊರಗು.

ಇಲ್ಲಿಯವರೆಗಿನದು ಸುದ್ದಿ ಒಳಗೆ ಹೋಗುವ ದಾರಿ. ಅಪ್ಪಣೆ ಹೊರಗೆ ಬರುವ ದಾರಿಯನ್ನು ಹುಡುಕಿದವರು ಡಚ್ ವಿಜ್ಞಾನಿ ಕಾರ್ನೆಲಿಸ್ ವೀರ್ಸ್ಮಾ. ಅವರು 1930ರ ದಶಕದಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಗೆ ಬಂದರು. ಅವರ ಜೊತೆಗಾರ, ಇನ್ನೊಬ್ಬ ಡಚ್ಚರಾದ ಆಂಟನ್ ವ್ಯಾನ್ ಹ್ಯಾರೆವೆಲ್ಡ್ 1936ರಲ್ಲಿ ಕ್ರೇಫಿಷ್‌ನ ರಕ್ತಕ್ಕೆ ಹೊಂದುವಂತಹ ಒಂದು ಲವಣದ್ರಾವಣವನ್ನು ಸಿದ್ಧಪಡಿಸಿದರು. ಅದರಲ್ಲಿಟ್ಟರೆ ದೇಹದಿಂದ ಬೇರ್ಪಡಿಸಿದ ನರವೂ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಮುಂದಿನ ಎಲ್ಲ ಕಥೆಯೂ ಆ ಉಪ್ಪುನೀರಿನ ಋಣದಲ್ಲಿದೆಯೆಂದರೆ ಉತ್ಪ್ರೇಕ್ಷೆಯಲ್ಲ.

ಕ್ರೇಫಿಷ್‌ನ ನರಮಂಡಲ ನಮ್ಮದಕ್ಕಿಂತ ತೀರ ಭಿನ್ನ. ನಮ್ಮ ಬೆನ್ನುಹುರಿ ಬೆನ್ನಿನಲ್ಲಿದೆ. ಅದರ ನರಹುರಿ ಹೊಟ್ಟೆಯ ಕಡೆಗಿದೆ. ತಲೆಯಲ್ಲಿ ಒಂದು ಪುಟ್ಟ ಮೆದುಳು. ಅಲ್ಲಿಂದ ಎರಡು ಎಳೆಗಳು ಅನ್ನನಾಳದ ಎಡಬಲಗಳಲ್ಲಿ ಹಾದು ಹಿಂದೆ ಸೇರಿ, ಒಂದೊಂದು ದೇಹಖಂಡಕ್ಕೆ ಒಂದೊಂದರಂತೆ ನರಗಂಟುಗಳನ್ನು ಪೋಣಿಸಿಕೊಂಡು ಬಾಲದವರೆಗೆ ಸಾಗುತ್ತವೆ. ಮಲ್ಲಿಗೆಯ ಮೊಗ್ಗುಗಳನ್ನು ದೂರ ದೂರ ಕಟ್ಟಿದ ದಾರವನ್ನು ನೆನೆಸಿಕೊಳ್ಳಿ. ಮೆದುಳು ಕಾಲಿಗೋ ಬಾಲಕ್ಕೋ ಏನೇ ಹೇಳಬೇಕಾದರೂ ಅನ್ನನಾಳದ ಪಕ್ಕದ ಆ ಎರಡು ಎಳೆಗಳ ಮೂಲಕವೇ ಹೇಳಬೇಕು. ವೀರ್ಸ್ಮಾ ಇಂತಹ ಎಳೆಗಳನ್ನು ಸೂಜಿಯ ಮೊನೆಯಿಂದ ಸೀಳುತ್ತ, ಸೀಳಿದ್ದನ್ನು ಮತ್ತೆ ಸೀಳುತ್ತ, ಕೊನೆಗೆ ಒಂದೇ ನರತಂತು ಉಳಿಯುವಂತೆ ಮಾಡಬಲ್ಲವರಾಗಿದ್ದರು. ಬಾಳೆಯ ನಾರನ್ನು ಕೂದಲಿನಷ್ಟು ತೆಳ್ಳಗೆ ಸೀಳಿ ಹೂ ಕಟ್ಟುವವರ ಕೈ ಇರಬೇಕು ಅದಕ್ಕೆ.

1938ರಲ್ಲೂ ಅನಂತರ 1947ರಲ್ಲೂ ಅವರು ಪ್ರಕಟಿಸಿದ್ದು ಬೆರಗಿನ ಸಂಗತಿ. ಕ್ರೇಫಿಷ್‌ನ ನರಹುರಿಯಲ್ಲಿ ಎರಡು ಜೊತೆ ದಪ್ಪನೆಯ ನರತಂತುಗಳಿವೆ. ಅವುಗಳಲ್ಲಿ ಒಂದೇ ಒಂದು ತಂತುವಿನಲ್ಲಿ ಒಂದೇ ಒಂದು ವಿದ್ಯುನ್ಮಿಡಿತ ಹರಿದರೆ ಸಾಕು, ಪ್ರಾಣಿ ಬಾಲವನ್ನು ಫಟ್ಟನೆ ಮಡಚಿ ನೀರಿನಲ್ಲಿ ಹಿಂದಕ್ಕೆ ಹಾರುತ್ತದೆ. ಒಂದು ಕೋಶ, ಒಂದು ಮಿಡಿತ, ಒಂದು ಸಂಪೂರ್ಣ ವರ್ತನೆ. 1952ರ ಹೊತ್ತಿಗೆ ಅವರು ಇನ್ನೊಂದನ್ನು ವರದಿ ಮಾಡಿದರು: ಬೇರೊಂದು ತೆಳುವಾದ ತಂತುವನ್ನು ಪ್ರಚೋದಿಸಿದರೆ ಪ್ರಾಣಿ ಇಕ್ಕಳಗಳನ್ನು ಎತ್ತಿ ಹಿಡಿದು ಕಾದಾಟಕ್ಕೆ ಸಿದ್ಧವಾದ ಭಂಗಿಯಲ್ಲಿ ನಿಲ್ಲುತ್ತದೆ. ಎದುರಿಗೆ ಶತ್ರುವಿಲ್ಲ, ಭಯವಿಲ್ಲ. ಒಂದು ತಂತುವಿಗೆ ಮುಟ್ಟಿದ ವಿದ್ಯುತ್ತು ಮಾತ್ರ ಇದೆ. ಮೊದಲ ಬಾರಿ ಇದನ್ನು ಓದಿದಾಗ ನನಗೆ ಯಕ್ಷಗಾನದ ವೇಷವೊಂದು ಚೆಂಡೆಯಿಲ್ಲದೆ ಎದ್ದು ನಿಂತಂತೆ ಅನ್ನಿಸಿತು.

1964ರಲ್ಲಿ ವೀರ್ಸ್ಮಾ ಮತ್ತು ಕಜುವೊ ಇಕೆಡಾ ಇಂತಹ ಕೋಶಗಳಿಗೆ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ‘ಆಜ್ಞಾ ನರಕೋಶ’ ಎನ್ನಬಹುದು. ಹೊಟ್ಟೆಯಡಿಯಲ್ಲಿ ಹುಟ್ಟುಗೋಲುಗಳಂತೆ ಸಾಲಾಗಿ ಬೀಸುವ ಪುಟ್ಟ ಈಜುಗಾಲುಗಳನ್ನು ಅವರು ಪರೀಕ್ಷಿಸುತ್ತಿದ್ದರು. ಒಂದು ತಂತುವನ್ನು ಪ್ರಚೋದಿಸಿದರೆ ಈಜುಗಾಲುಗಳೆಲ್ಲ ಲಯಬದ್ಧವಾಗಿ ಬೀಸತೊಡಗುತ್ತಿದ್ದವು. ಇದರಲ್ಲೊಂದು ಸೂಕ್ಷ್ಮವಿದೆ. ಲಯವು ಆ ತಂತುವಿನಲ್ಲಿರಲಿಲ್ಲ. ಲಯ ಆಯಾ ನರಗಂಟಿನದೇ. ತಂತು ಹೇಳಿದ್ದು ‘ಆಗಲಿ’ ಎಂದಷ್ಟೆ.

ಭಂಗಿಯ ವಿಷಯವನ್ನು ಕೈಗೆತ್ತಿಕೊಂಡವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕೆನಡಿ. ಕ್ರೇಫಿಷ್‌ನ ಹೊಟ್ಟೆಯಲ್ಲಿ ಎರಡು ಬಗೆಯ ಸ್ನಾಯುಗಳಿವೆ. ಒಳಗಿನ ದಪ್ಪ ಸ್ನಾಯು ಹಾರುವುದಕ್ಕೆ; ಅಂಚಿನ ತೆಳುಪದರದ ನಿಧಾನ ಸ್ನಾಯು ಬಾಲವನ್ನು ಇಷ್ಟು ಬಾಗಿಸಿ ಇಷ್ಟು ಹೊತ್ತು ಹಿಡಿದಿರುವುದಕ್ಕೆ, ಎಂದರೆ ಭಂಗಿಗೆ. ಬಾಲವನ್ನು ಬಾಗಿಸುವ ಈ ನಿಧಾನ ಸ್ನಾಯುವಿಗೆ ಒಂದು ಖಂಡದ ಒಂದು ಪಾರ್ಶ್ವದಲ್ಲಿ ಬರುವ ನರಕೋಶಗಳು 6 ಮಾತ್ರ. 5 ಸ್ನಾಯುವನ್ನು ಕುಗ್ಗಿಸುತ್ತವೆ, 1 ಅದನ್ನು ತಡೆಯುತ್ತದೆ. ನಮ್ಮ ತೋಳಿನ ಒಂದು ಸ್ನಾಯುವಿಗೆ ನೂರಾರು ನರಕೋಶಗಳು ಬೇಕು. ಅಲ್ಲಿ ಜಾತ್ರೆ, ಇಲ್ಲಿ ಪಂಚಾಯಿತಿ. ಪಂಚಾಯಿತಿಯಲ್ಲಾದರೆ ಯಾರು ಏನು ಹೇಳಿದರೆಂದು ಒಬ್ಬೊಬ್ಬರನ್ನೇ ಗುರುತಿಸಬಹುದು.

1966ರಲ್ಲಿ ಕೆನಡಿ ಮತ್ತು ಅವರ ಸಹೋದ್ಯೋಗಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು. ನರಹುರಿಯ ಒಂದು ತಂತುವನ್ನು ಮಿಡಿತಗಳ ಸರಣಿಯಿಂದ ಪ್ರಚೋದಿಸಿದರೆ ಹಲವು ಖಂಡಗಳು ಒಟ್ಟಿಗೆ ಬಾಗುತ್ತವೆ. ಹಾಗೆ ಬಾಗುವಾಗ ಬಾಗಿಸುವ ಸ್ನಾಯುವಿನ ಕೋಶಗಳು ಚುರುಕಾಗುವುದಷ್ಟೇ ಅಲ್ಲ, ನೆಟ್ಟಗಾಗಿಸುವ ಸ್ನಾಯುವಿನ ಕೋಶಗಳು ಮೌನವಾಗುತ್ತವೆ. ಆ ಸ್ನಾಯುವನ್ನು ತಡೆಯುವ ಕೋಶವೂ ಎಚ್ಚರಗೊಳ್ಳುತ್ತದೆ. ಬೇರೊಂದು ತಂತುವನ್ನು ಮುಟ್ಟಿದರೆ ಬೇರೊಂದು ಆಕಾರ. ಒಂದರಲ್ಲಿ ಬಾಲದ ಬುಡ ಹೆಚ್ಚು ಬಾಗಿದರೆ ಇನ್ನೊಂದರಲ್ಲಿ ತುದಿ. ಭಂಗಿಗಳೆಲ್ಲ ಒಂದೊಂದು ತಂತುವಿನಲ್ಲಿ ಬರೆದಿಟ್ಟಂತೆ ಕಂಡಿತು. ಅರಸನು ಸಿಕ್ಕನೆಂದು ಹಲವರು ನಂಬಿದ ಕಾಲ ಅದು. (ಕೆನಡಿಯವರು 1980ರಿಂದ 1992ರವರೆಗೆ ಸ್ಟ್ಯಾನ್‌ಫರ್ಡಿನ ಅಧ್ಯಕ್ಷರಾಗಿದ್ದರು. ಅಪ್ಪಣೆ ಕೊಡುವ ಕೋಶಗಳನ್ನು ಅಷ್ಟು ಕಾಲ ನೋಡಿದವರಿಗೆ ಆ ಕುರ್ಚಿಯಲ್ಲಿ ಏನನ್ನಿಸಿತೋ.)

ಭಂಗಿಯನ್ನು ಹಿಡಿದಿಡುವುದರಲ್ಲಿ ಕೆಳಗಿನವರ ಪಾತ್ರವೂ ಇದೆ. 1951ರಲ್ಲಿ ಪೋಲೆಂಡಿನ ಅಲೆಕ್ಸಾಂಡ್ರೊವಿಚ್ ಎಂಬವರು ಕ್ರೇಫಿಷ್‌ನ ಕಡಲಬಂಧುವಾದ ಲಾಬ್‌ಸ್ಟರಿನ ಹೊಟ್ಟೆಯಲ್ಲಿ ಒಂದು ಪುಟ್ಟ ಸ್ನಾಯುವನ್ನೂ ಅದಕ್ಕೆ ಹೆಣೆದುಕೊಂಡ ಒಂದು ನರಕೋಶವನ್ನೂ ವರ್ಣಿಸಿದ್ದರು. ಸ್ನಾಯು ಎಷ್ಟು ಎಳೆಯಲ್ಪಟ್ಟಿದೆ ಎಂಬುದನ್ನು ಆ ಕೋಶ ಅಳೆಯುತ್ತದೆ. ಕ್ರೇಫಿಷ್‌ನಲ್ಲೂ ಅದು ಇದೆ. ನೆಟ್ಟಗಿರಬೇಕಾದ ಬಾಲವನ್ನು ಏನೋ ಒಂದು ಭಾರ ಬಾಗಿಸಿತೆನ್ನಿ. ಈ ಅಳತೆಗಾರ ಎಳೆತವನ್ನು ಗಮನಿಸಿ ಆಯಾ ಖಂಡದ ನರಗಂಟಿಗೇ ಸುದ್ದಿ ಮುಟ್ಟಿಸುತ್ತಾನೆ, ನೆಟ್ಟಗಾಗಿಸುವ ಸ್ನಾಯು ಬಿಗಿಯುತ್ತದೆ. ಮೆದುಳಿಗೆ ಕೇಳುವ ಅಗತ್ಯವೇ ಇಲ್ಲ. ಇದನ್ನು 1966ರ ಸುಮಾರಿಗೆ ಕೆನಡಿಯವರ ಗುಂಪಿನಲ್ಲೇ ಇದ್ದ ಹೋವರ್ಡ್ ಫೀಲ್ಡ್ಸ್ ತೋರಿಸಿದರು. ಈ ಅಳತೆಗಾರನಿಂದ ಮನುಷ್ಯಕುಲಕ್ಕಾದ ಉಪಕಾರವೊಂದುಂಟು. ಹಸುವಿನ ಮೆದುಳಿನ ಸಾರದಲ್ಲಿ ನರಗಳನ್ನು ಶಾಂತಗೊಳಿಸುವ ವಸ್ತುವೊಂದಿದೆಯೆಂದು ಅರಿತ ಅರ್ನ್ಸ್ಟ್ ಫ್ಲೋರಿ, ಅದನ್ನು ಪರೀಕ್ಷಿಸುತ್ತಿದ್ದುದು ಕ್ರೇಫಿಷ್‌ನ ಈ ಕೋಶದ ಮೇಲೆಯೇ. 1957ರಲ್ಲಿ ಆ ವಸ್ತು ಗಾಬಾ ಎಂದು ತಿಳಿಯಿತು. ಇಂದು ನಿದ್ದೆಗೆ, ಅಪಸ್ಮಾರಕ್ಕೆ, ಆತಂಕಕ್ಕೆ ವೈದ್ಯರು ಕೊಡುವ ಹಲವು ಔಷಧಗಳು ನಮ್ಮ ಮೆದುಳಿನ ಗಾಬಾ ವ್ಯವಸ್ಥೆಯ ಮೇಲೆಯೇ ಕೆಲಸ ಮಾಡುತ್ತವೆ.

ಇರಲಿ, ಅರಸನ ವಿಷಯಕ್ಕೆ ಬರೋಣ. 1974ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಬೋವರ್ಮನ್ ಮತ್ತು ಜೇಮ್ಸ್ ಲಾರಿಮರ್ ಅನ್ನನಾಳದ ಪಕ್ಕದ ಎಳೆಗಳಲ್ಲಿ ಮುಂದಕ್ಕೆ ನಡೆಸುವ, ಹಿಂದಕ್ಕೆ ನಡೆಸುವ, ಭಂಗಿ ಬದಲಿಸುವ ತಂತುಗಳನ್ನು ಪಟ್ಟಿ ಮಾಡಿದರು. ಆದರೆ ನಾಲ್ಕೇ ವರ್ಷಗಳಲ್ಲಿ, 1978ರಲ್ಲಿ, ಕುಪ್ಫರ್‌ಮನ್ ಮತ್ತು ವೈಸ್ ಎಂಬ ಇಬ್ಬರು ಒಂದು ಕಟ್ಟುನಿಟ್ಟಿನ ಪ್ರಶ್ನೆಯನ್ನು ಎತ್ತಿದರು. ಒಂದು ಕೋಶವನ್ನು ಪ್ರಚೋದಿಸಿದರೆ ವರ್ತನೆ ಬರುತ್ತದೆಯೆಂದರೆ ಅದು ‘ಸಾಕು’ ಎಂದಷ್ಟೇ ಆಯಿತು. ಅದು ‘ಬೇಕೇ ಬೇಕು’ ಎಂದು ಆಯಿತೇ? ಆ ಕೋಶವನ್ನು ಸುಮ್ಮನಾಗಿಸಿದರೂ ಪ್ರಾಣಿ ನಡೆದರೆ, ಅದನ್ನು ಅರಸನೆಂದು ಹೇಗೆ ಕರೆಯುವುದು? ತರ್ಕದಲ್ಲಿ ಇದು ಹೊಸದೇನಲ್ಲ. ಪರೀಕ್ಷೆಯಲ್ಲಿ ಎಷ್ಟೋ ಸಲ ನಾನೇ ಇಂತಹ ತಪ್ಪಿಗೆ ಅಂಕ ಕಳೆದಿದ್ದೇನೆ. ಆದರೂ ಆಜ್ಞಾ ಕೋಶಗಳಲ್ಲಿ ಬಹುಪಾಲು ಈ ಪರೀಕ್ಷೆಗೆ ನಿಲ್ಲಲಿಲ್ಲ.

ಅದಕ್ಕೆ ಕಾರಣವನ್ನು ತೋರಿಸಿದವರು ಪಟ್ಟಿ ಮಾಡಿದ್ದ ಲಾರಿಮರ್ ಅವರೇ ಎಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಭಂಗಿಯ ಒಂದು ಕೋಶವನ್ನು ಕೆರಳಿಸಿದರೆ ಅದು ತನ್ನಂತಹವೇ ಆದ ಇತರ ಕೋಶಗಳನ್ನೂ ಎಬ್ಬಿಸುತ್ತದೆ. ಪ್ರಾಣಿ ತಾನಾಗಿ ಬಾಲ ಬಾಗಿಸಿದಾಗಲೂ ಅನೇಕ ಕೋಶಗಳು ಒಟ್ಟಿಗೆ ದುಡಿಯುತ್ತವೆ. 1988ರಲ್ಲಿ ಅವರು ಹಳೆಯ ಉದಾಹರಣೆಗೆ ಹೊಸ ನೋಟವೆಂಬಂತೆ ಇದನ್ನು ಬರೆದರು. ತಾನು ನೆಟ್ಟ ಗೂಟವನ್ನು ತಾನೇ ಕಿತ್ತು ಸರಿಯಾದ ಜಾಗದಲ್ಲಿ ನೆಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಇನ್ನು ನಡಿಗೆ. ಕ್ರೇಫಿಷ್‌ನ ಎದೆಯ ನರಗಂಟುಗಳನ್ನು ದೇಹದಿಂದ ಪೂರ್ತಿ ಬೇರ್ಪಡಿಸಿ ವ್ಯಾನ್ ಹ್ಯಾರೆವೆಲ್ಡರ ಉಪ್ಪುನೀರಿನಲ್ಲಿಟ್ಟು ತಕ್ಕ ರಾಸಾಯನಿಕವನ್ನು ಸೇರಿಸಿದರೆ, ಕಾಲೇ ಇಲ್ಲದಿದ್ದರೂ ಕಾಲಿನ ನರಗಳಲ್ಲಿ ನಡಿಗೆಯ ತಾಳ ಮೂಡುತ್ತದೆ. ಫ್ರಾನ್ಸಿನಲ್ಲಿ ಕ್ಲಾರಾಕ್ ಮತ್ತು ಕ್ರಾಕ್ರಿ 1990ರಲ್ಲಿ ಇದನ್ನು ವಿವರವಾಗಿ ವರದಿ ಮಾಡಿದರು. ಅದಕ್ಕಿಂತ ಕೊಂಚ ಮೊದಲು, 1986ರಲ್ಲಿ, ಸ್ಕೊರುಪ್‌ಸ್ಕಿ ಮತ್ತು ಸಿಲ್ಲರ್ ಎಂಬವರು ಕಂಡದ್ದು ಇದಕ್ಕಿಂತ ಸೊಗಸಾದುದು. ಕಾಲಿನ ಬುಡದಲ್ಲಿಯೂ ಒಬ್ಬ ಅಳತೆಗಾರನಿದ್ದಾನೆ. ನರಗಂಟು ಸುಮ್ಮನಿರುವಾಗ ಅವನನ್ನು ಎಳೆದರೆ ಬರುವ ಪರಾವರ್ತಿತ ಕ್ರಿಯೆ ಆ ಎಳೆತವನ್ನು ವಿರೋಧಿಸುತ್ತದೆ: ಭಂಗಿ ಕೆಡಬಾರದಲ್ಲ. ನಡಿಗೆಯ ತಾಳ ನಡೆಯುತ್ತಿರುವಾಗ ಹೆಜ್ಜೆಯ ತಕ್ಕ ಘಟ್ಟದಲ್ಲಿ ಅದೇ ರೀತಿ ಎಳೆದರೆ, ಅದೇ ಕ್ರಿಯೆ ಅಡಿಮೇಲಾಗಿ ಆ ಚಲನೆಗೆ ನೆರವಾಗುತ್ತದೆ. ಅದೇ ಅಳತೆಗಾರ, ಅದೇ ಸುದ್ದಿ. ಕೇಳುವವನ ಸ್ಥಿತಿ ಬದಲಾದರೆ ಸುದ್ದಿಯ ಅರ್ಥವೇ ಬದಲು. ನಿಲ್ಲುವ ನರಮಂಡಲ ಬೇರೆ, ನಡೆಯುವ ನರಮಂಡಲ ಬೇರೆ ಎಂದು ಎರಡಿಲ್ಲ. ಒಂದೇ ಮನೆ, ಹಬ್ಬದ ದಿನ ಬೇರೆ ರೀತಿ ನಡೆಯುತ್ತದೆ, ಅಷ್ಟೆ.

ಜಪಾನಿನ ಉತ್ತರದ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಹಿಸಾಡಾ ಮತ್ತು ಟಕಾಹಟಾ ಅವರು 1980ರ ದಶಕದಲ್ಲಿ ಇದೇ ಮಾತನ್ನು ಕ್ರೈಡಲ್ಲರ ಮರಳುಚೀಲದ ಕಡೆಯಿಂದ ಹೇಳಿದರು. ನಿಂತಿರುವ ಕ್ರೇಫಿಷ್‌ನ ಮೈಯನ್ನು ವಾಲಿಸಿದರೆ ಅದರ ಬಾಲದ ಬೀಸಣಿಗೆ ಅಷ್ಟಾಗಿ ಓಗೊಡುವುದಿಲ್ಲ. ನಡೆಯುತ್ತಿರುವಾಗ ವಾಲಿಸಿದರೆ ಬೀಸಣಿಗೆಯ ಎಡಬಲಗಳು ಚುಕ್ಕಾಣಿಯಂತೆ ತಿರುಗಿ ಮೈಯನ್ನು ಸರಿಪಡಿಸಲು ಹೊರಡುತ್ತವೆ. ಚೀಲದ ಸುದ್ದಿ ಎರಡೂ ಸಲ ಒಂದೇ. (ಜಪಾನಿನಲ್ಲಿ ಅಮೆರಿಕದ ಕೆಂಪು ಕ್ರೇಫಿಷ್ ಎಲ್ಲಿಂದ ಬಂತೆಂದು ಕೇಳುವಿರಾದರೆ, 1927ರಲ್ಲಿ ಸಾಕಣೆಯ ಕಪ್ಪೆಗಳಿಗೆ ಆಹಾರವೆಂದು ತರಿಸಿದ್ದಂತೆ. ಕಪ್ಪೆಗಿಂತ ಅದೇ ಚೆನ್ನಾಗಿ ಬೆಳೆದು ದೇಶವನ್ನೆಲ್ಲ ಆವರಿಸಿತು.)

ಅದೇ ಟಕಾಹಟಾ ಅವರು ತಮ್ಮ ಶಿಷ್ಯ ಕಟ್ಸುಶಿ ಕಗಾಯಾ ಜೊತೆಗೂಡಿ 2010ರಲ್ಲೂ 2011ರಲ್ಲೂ ಪ್ರಕಟಿಸಿದ ಎರಡು ಪ್ರಬಂಧಗಳಿಗಾಗಿಯೇ ನಾನು ಇಷ್ಟೆಲ್ಲ ಬರೆದದ್ದು. ಅವರು ಕ್ರೇಫಿಷ್ ಒಂದನ್ನು ಉರುಳುವ ಗೋಲದ ಮೇಲೆ ನಿಲ್ಲಿಸಿದರು. ಅದು ನಡೆದರೆ ಕಾಲಡಿಯ ಗೋಲ ತಿರುಗುತ್ತದೆ, ಪ್ರಾಣಿ ಇದ್ದಲ್ಲೇ ಇರುತ್ತದೆ. ಹೀಗಾಗಿ ನಡೆಯುತ್ತಿರುವಾಗಲೇ ಮೆದುಳಿನ ಕೋಶಗಳ ಮಿಡಿತವನ್ನು ಅಳೆಯಬಹುದು. ಆಮೇಲೆ ಅವರು ಏನನ್ನೂ ಮಾಡಲಿಲ್ಲ. ಮುಟ್ಟಲಿಲ್ಲ, ಹೆದರಿಸಲಿಲ್ಲ, ಆಹಾರ ತೋರಿಸಲಿಲ್ಲ. ಕಾದರು. ಯಾವಾಗಲೋ ಒಮ್ಮೆ ಕ್ರೇಫಿಷ್ ತನ್ನಷ್ಟಕ್ಕೆ ತಾನು ನಡೆಯತೊಡಗುತ್ತಿತ್ತು. ಹಾಗೆ ನಡೆಯುವ ಮುನ್ನ, ಕಾಲಿನ ಸ್ನಾಯು ಎಚ್ಚರಗೊಳ್ಳುವುದಕ್ಕೂ ಮೊದಲೇ, ಮೆದುಳಿನ ಕೆಲವು ಕೋಶಗಳ ಮಿಡಿತ ಏರತೊಡಗುತ್ತಿತ್ತು. ಕಡ್ಡಿಯಿಂದ ಮುಟ್ಟಿ ನಡೆಸಿದಾಗ ಈ ಪೂರ್ವಸಿದ್ಧತೆ ಕಾಣಲಿಲ್ಲ. ಎಂದರೆ ದೂಡಿದಾಗ ನಡೆಯುವುದಕ್ಕೂ ತಾನಾಗಿ ನಡೆಯುವುದಕ್ಕೂ ಆ ಪುಟ್ಟ ಮೆದುಳಿನಲ್ಲೇ ವ್ಯತ್ಯಾಸವಿದೆ. ನಡಿಗೆಯನ್ನು ಮುಂದುವರಿಸುವಾಗ ಬೇರೆ ಕೋಶಗಳು, ನಿಲ್ಲಿಸುವಾಗ ಮತ್ತೆ ಬೇರೆಯವು ದುಡಿಯುವುದೂ ಕಂಡಿತು. ಮನುಷ್ಯನು ಬೆರಳನ್ನು ತಾನಾಗಿ ಅಲುಗಿಸುವ ಮುನ್ನ ಮೆದುಳಿನಲ್ಲಿ ಇಂತಹ ಸಿದ್ಧತೆಯ ಅಲೆ ಏಳುತ್ತದೆಯೆಂದು ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ 1965ರಲ್ಲೇ ಪ್ರಕಟಿಸಿದ್ದರು. ಸಂಕಲ್ಪ ಎಂಬುದು ಉಂಟೇ ಇಲ್ಲವೇ ಎಂಬ ದೊಡ್ಡ ವಾದವೇ ಅದರಿಂದ ಹುಟ್ಟಿತು. ಆ ವಾದದ ಅಂಗಳಕ್ಕೆ ಈಗ ಕ್ರೇಫಿಷ್ ಕೂಡ ಬಂದು ನಿಂತಿತು.

2011ರ ಪ್ರಬಂಧದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಕೋಶಗಳ ಒಳಗೇ ಸೂಕ್ಷ್ಮ ವಿದ್ಯುದ್ವಾರವನ್ನು ತೂರಿಸಿ ಅಳೆದರು. ಸಿದ್ಧತೆಯ ಕೋಶ ತಾನಾಗಿಯೇ ಎದ್ದು ಕೂರುವುದಿಲ್ಲ. ಮೊದಲು ಇತರ ಕೋಶಗಳಿಂದ ಪ್ರಚೋದನೆ ಬರುತ್ತದೆ, ಅದರಿಂದ ಮಿಡಿತ ಏರುತ್ತದೆ. ಆಮೇಲೆ ಮತ್ತೆ ಇತರ ಕೋಶಗಳಿಂದಲೇ ತಡೆ ಬಂದು ಅದನ್ನು ಇಳಿಸುತ್ತದೆ. ಅಪ್ಪಣೆ ಕೊಡುವಂತೆ ಕಂಡ ಕೋಶವೂ ಬೇರೆಯವರ ಮಾತನ್ನು ಕೇಳುತ್ತಿತ್ತು.

ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೆ ಹೇಳಬೇಕಾದದ್ದು ಇಷ್ಟು: ಕರಿಹಲಗೆಯ ಮೇಲಿನ ಆ ಕಿರೀಟವನ್ನು ಅಳಿಸಿಬಿಡಪ್ಪ, ಅರಸಿಯನ್ನೂ ಅಳಿಸಿಬಿಡು. ನಿನ್ನ ಪ್ರಶ್ನೆಯನ್ನು ಮಾತ್ರ ಹಾಗೆಯೇ ಇರಿಸಿಕೋ. ಸಿದ್ಧತೆಯ ಆ ಕೋಶಗಳನ್ನು ಮೊದಲು ಎಬ್ಬಿಸುವವು ಯಾವುವು ಎಂದು ಕೇಳಿದರೆ, ಅದು ನೀನು ಅಂದು ಎದ್ದು ನಿಂತು ಕೇಳಿದ ಪ್ರಶ್ನೆಯೇ.